ಯೋಚನೆ ಕಾಗದಕ್ಕೆ ಇಳಿಯಲಿ: ವ್ಯವಹಾರದಲ್ಲೂ ದಿನದ ಬದುಕಿನಲ್ಲೂ ಸ್ಪಷ್ಟವಾಗಿ ನಿರ್ಧರಿಸಲು ಸಮಗ್ರ ಮಾರ್ಗದರ್ಶಿ

ದೊಡ್ಡ ನಿರ್ಧಾರ ಎದುರಾದಾಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತೇವೆ. ತಿಂಗಳುಗಟ್ಟಲೆ ಮೀನಮೇಷ ಎಣಿಸುತ್ತೇವೆ, ಇಲ್ಲಾ ಬೇಸತ್ತು ಒಂದು ದಿನ ದಿಢೀರನೆ ಏನೋ ಮಾಡಿ ಕೈ ತೊಳೆದುಕೊಳ್ಳುತ್ತೇವೆ. ಎರಡರಲ್ಲೂ ಯೋಚನೆ ನಡೆಯುವುದು ತಲೆಯೊಳಗೇ. ಅಲ್ಲಿರುವವರೆಗೂ ಅದನ್ನು ಯಾರೂ ಪರೀಕ್ಷಿಸಲು ಆಗುವುದಿಲ್ಲ, ನಮಗೂ ಆಗುವುದಿಲ್ಲ. ನಿನ್ನೆ ಕೊಟ್ಟುಕೊಂಡ ಕಾರಣ ಇವತ್ತು ಸದ್ದಿಲ್ಲದೆ ಬದಲಾಗಿರುತ್ತದೆ, ನಮಗೆ ಅದು ಗೊತ್ತೂ ಆಗಿರುವುದಿಲ್ಲ.

ಬರೆದರೆ ಮಾತ್ರ ನಮ್ಮ ಮಾತಿಗೆ ನಾವೇ ಸಿಕ್ಕಿಬೀಳುತ್ತೇವೆ. ಈ ಮಾರ್ಗದರ್ಶಿಯ ಎಲ್ಲಾ ಹೆಜ್ಜೆಗಳ ಉದ್ದೇಶ ಅದೇ: ನಮ್ಮ ಯೋಚನೆ ತಪ್ಪಿದ್ದರೆ, ಅದು ದುಬಾರಿಯಾಗುವ ಮೊದಲೇ ನಮ್ಮ ಕಣ್ಣಿಗೆ ಬೀಳುವಂತೆ ಮಾಡಿಕೊಳ್ಳುವುದು. ಬೇಕಾಗಿರುವುದು ಒಂದು ನೋಟ್‌ಬುಕ್, ಸುಮಾರು ಒಂದು ಗಂಟೆ, ಮತ್ತು ಫೋನ್ ಪಕ್ಕದ ರೂಮಿನಲ್ಲಿಡುವಷ್ಟು ಗಟ್ಟಿ ಮನಸ್ಸು.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಇಬ್ಬರು ಪಾಲುದಾರರು ಸೇರಿ ಬೇರೆಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತಾರೆ. ಅವರ ಆದಾಯದಲ್ಲಿ 60% ಬರುವುದು ಒಬ್ಬನೇ ದೊಡ್ಡ ಕ್ಲೈಂಟ್‌ನಿಂದ. ಆತ ಹಣ ಕೊಡುವುದು ಯಾವಾಗಲೂ ತಡ. ರಾತ್ರಿ ಹತ್ತಕ್ಕೆ ಫೋನ್ ಮಾಡಿ "ಇದೊಂದು ಚಿಕ್ಕ ಬದಲಾವಣೆ ಅಷ್ಟೇ" ಅನ್ನುತ್ತಾನೆ. "ಇವನನ್ನ ಬಿಡೋಣ್ವಾ ಬೇಡ್ವಾ" ಎಂದು ಇಬ್ಬರೂ ಬಹಳ ದಿನದಿಂದ ಮಾತಾಡುತ್ತಲೇ ಇದ್ದಾರೆ. ಏನೂ ಬಗೆಹರಿದಿಲ್ಲ.

ಹೆಜ್ಜೆ 1: ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ಮೊದಲು ನೋಡಿ

ಎಲ್ಲಾ ನಿರ್ಧಾರಕ್ಕೂ ಒಂದೇ ತೂಕ ಇರುವುದಿಲ್ಲ. ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ 2015ನೇ ವರ್ಷದ ಕುರಿತು ಷೇರುದಾರರಿಗೆ ಬರೆದ ಪತ್ರದಲ್ಲಿ ನಿರ್ಧಾರಗಳನ್ನು ಎರಡು ಥರದ ಬಾಗಿಲುಗಳಿಗೆ ಹೋಲಿಸಿದ್ದರು. ಕೆಲವು ಬಾಗಿಲು ದಾಟಿದರೆ ವಾಪಸ್ ಬರಲಾಗದು. ಇನ್ನು ಕೆಲವನ್ನು ದಾಟಿ ಒಳಗೆ ನೋಡಿ, ಇಷ್ಟವಾಗದಿದ್ದರೆ ತಿರುಗಿ ಬರಬಹುದು. ಕಂಪನಿ ದೊಡ್ಡದಾದಂತೆ ಎರಡನೇ ಥರದ ನಿರ್ಧಾರಗಳಿಗೂ ಮೊದಲನೇ ಥರದ ಭಾರಿ ವಿಧಾನವನ್ನೇ ಹೂಡುತ್ತಾರೆ, ಅದರಿಂದ ಎಲ್ಲವೂ ನಿಧಾನವಾಗುತ್ತದೆ ಎನ್ನುವುದು ಅವರ ದೂರು.

ನಮ್ಮ ಬದುಕಿನಲ್ಲೂ ಇದೇ ಕತೆ. ಯಾವ ಆ್ಯಪ್‌ನಲ್ಲಿ ಲೆಕ್ಕ ಬರೆಯಬೇಕು ಎಂದು ವಾರಗಟ್ಟಲೆ ಹುಡುಕುತ್ತೇವೆ. ಹತ್ತು ವರ್ಷದ ಸಾಲದ ಕಾಗದಕ್ಕೆ ಹತ್ತೇ ನಿಮಿಷದಲ್ಲಿ ಸಹಿ ಹಾಕುತ್ತೇವೆ!

ಆದ್ದರಿಂದ ಪುಟದ ತಲೆಯಲ್ಲಿ ಎರಡು ಸಾಲು ಬರೆಯಿರಿ. ಇದು ತಪ್ಪಾದರೆ ಸರಿಪಡಿಸಲು ಎಷ್ಟು ಹಣ, ಎಷ್ಟು ಸಮಯ, ಯಾರ ವಿಶ್ವಾಸ ಹೋಗುತ್ತದೆ? ಇದನ್ನು ಮೊದಲು ಸಣ್ಣದಾಗಿ ಮಾಡಿ ನೋಡಲು ದಾರಿ ಇದೆಯಾ? ಸುಲಭವಾಗಿ ಹಿಂದೆ ಬರಬಹುದಾದ ವಿಷಯವಾದರೆ ಇಲ್ಲಿಗೇ ನಿಲ್ಲಿಸಿ, ಒಂದನ್ನು ಆರಿಸಿ, ಮುಂದೆ ಹೋಗಿ. ಎರಡನೇ ಪ್ರಶ್ನೆ ಜಾಸ್ತಿ ಕೆಲಸಕ್ಕೆ ಬರುತ್ತದೆ. ಯಾಕೆಂದರೆ ವಾಪಸ್ ಬರಲಾಗದ ಎಷ್ಟೋ ನಿರ್ಧಾರಗಳನ್ನು ಬರಬಹುದಾದದ್ದಾಗಿ ಬದಲಾಯಿಸಬಹುದು. ಹೊಸ ಊರಿಗೆ ಹೋಗುವ ಮೊದಲು ಒಂದು ತಿಂಗಳು ಅಲ್ಲಿದ್ದು ನೋಡುವುದು, ಪಾಲುದಾರಿಕೆಗೆ ಮೊದಲು ಒಂದೇ ಒಂದು ಕೆಲಸ ಜೊತೆಗೆ ಮಾಡುವುದು, ಇವೆಲ್ಲ ಅಂಥ ದಾರಿಗಳು.

ನಮ್ಮ ಪಾಲುದಾರರ ವಿಷಯ? 60% ಆದಾಯ ಒಮ್ಮೆ ಕೈಬಿಟ್ಟರೆ ಸುಲಭಕ್ಕೆ ವಾಪಸ್ ಬರುವುದಿಲ್ಲ. ಹಾಗಾಗಿ ಕೂತು ಯೋಚಿಸಬೇಕಾದದ್ದೇ.

ಹೆಜ್ಜೆ 2: ಪ್ರಶ್ನೆಯನ್ನೇ ತಿದ್ದಿ

"ಬಿಡೋಣ್ವಾ ಬೇಡ್ವಾ" ಎನ್ನುವುದು ಕೆಟ್ಟ ಪ್ರಶ್ನೆ. ಹೌದು ಅಥವಾ ಇಲ್ಲ ಬಿಟ್ಟು ಬೇರೆ ಉತ್ತರಕ್ಕೆ ಅಲ್ಲಿ ಜಾಗವೇ ಇಲ್ಲ. ಹಾಗೆ ಕೇಳಿದ ಕೂಡಲೇ ಒಬ್ಬರು ಬಿಡುವ ಪಕ್ಷ, ಇನ್ನೊಬ್ಬರು ಬೇಡದ ಪಕ್ಷ. ಆಮೇಲೆ ನಡೆಯುವುದು ವಾದ ಮಾತ್ರ.

ಪ್ರಶ್ನೆಯ ಬುಡಕ್ಕೆ ಇಳಿಯಲು ಟೊಯೋಟಾ ಕಾರ್ಖಾನೆಗಳಲ್ಲಿ ತೈಚಿ ಓನೋ ರೂಢಿಗೆ ತಂದ ಒಂದು ಸರಳ ವಿಧಾನವಿದೆ. ಯಂತ್ರ ನಿಂತರೆ ಫ್ಯೂಸ್ ಬದಲಿಸಿ ಸುಮ್ಮನಾಗಬಾರದು. ಯಾಕೆ ನಿಂತಿತು ಎಂದು ಐದು ಸಲ ಒಂದರ ಹಿಂದೊಂದು ಕೇಳಬೇಕು. ಪಾಲುದಾರರು ಅದನ್ನು ಬರೆದು ನೋಡಿದರೆ ಹೀಗೆ ಬರಬಹುದು:

ನಮಗೆ ಯಾಕೆ ಇಷ್ಟು ಒತ್ತಡ? ಹಣ ತಡವಾಗಿ ಬರುತ್ತದೆ, ಕೆಲಸ ಮಾತ್ರ ಬೆಳೆಯುತ್ತಲೇ ಹೋಗುತ್ತದೆ.
ಯಾಕೆ? ಎಷ್ಟು ಬದಲಾವಣೆ ಮಾಡಿಕೊಡುತ್ತೇವೆ, ಯಾವಾಗ ಹಣ ಕೊಡಬೇಕು ಎಂದು ಎಲ್ಲೂ ಬರೆದುಕೊಂಡಿಲ್ಲ.
ಯಾಕೆ ಬರೆದುಕೊಂಡಿಲ್ಲ? ಷರತ್ತು ಹಾಕಿದರೆ ಕ್ಲೈಂಟ್ ಹೋಗಿಬಿಟ್ಟಾನು ಎಂಬ ಭಯ.
ಯಾಕೆ ಭಯ? ಅವನು ಹೋದರೆ ಆ ಜಾಗ ತುಂಬುವ ಬೇರೆ ಕ್ಲೈಂಟ್‌ಗಳಿಲ್ಲ.
ಯಾಕಿಲ್ಲ? ಹುಡುಕಲು ಸಮಯವೇ ಇಲ್ಲ. ಎಲ್ಲ ಸಮಯವನ್ನೂ ಇವನೇ ತಿನ್ನುತ್ತಿದ್ದಾನೆ.

ಈಗ ಚಿತ್ರ ಬೇರೆಯಾಯಿತು. ಕ್ಲೈಂಟ್ ಕೆಟ್ಟವನಾ ಒಳ್ಳೆಯವನಾ ಎನ್ನುವುದು ಹಿಂದೆ ಸರಿಯಿತು. ತೊಂದರೆ ಇರುವುದು ಒಬ್ಬನನ್ನೇ ನೆಚ್ಚಿಕೊಂಡಿರುವುದರಲ್ಲಿ. ಹೊಸ ಪ್ರಶ್ನೆ: "ಮುಂದಿನ ಒಂದು ವರ್ಷದಲ್ಲಿ ಯಾವ ಒಬ್ಬ ಕ್ಲೈಂಟ್‌ನಿಂದಲೂ 30%ಕ್ಕಿಂತ ಹೆಚ್ಚು ಆದಾಯ ಬರದ ಸ್ಥಿತಿಗೆ ಹೇಗೆ ತಲುಪುವುದು?" ಇದಕ್ಕೆ ಗಡುವಿದೆ, ಅಳತೆ ಇದೆ, ಉತ್ತರಗಳೂ ಹಲವು.

ಒಂದು ಎಚ್ಚರಿಕೆ. ಈ ಐದು ಪ್ರಶ್ನೆಗಳ ವಿಧಾನವನ್ನು ಮಂತ್ರದ ಹಾಗೆ ಬಳಸುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಪ್ರತಿ "ಯಾಕೆ"ಗೂ ಎರಡು ಮೂರು ಉತ್ತರ ಇರಬಹುದು, ನಾವು ನಮಗೆ ಹಿತವಾದದ್ದನ್ನೇ ಹಿಡಿದುಕೊಂಡು ಕೆಳಗಿಳಿಯುತ್ತೇವೆ. ಎಲ್ಲ ಉತ್ತರಗಳ ಕೊನೆಗೂ ಬೇರೆ ಯಾರದೋ ತಪ್ಪೇ ಸಿಗುತ್ತಿದ್ದರೆ ಮೇಲಿನಿಂದ ಇನ್ನೊಮ್ಮೆ ಶುರು ಮಾಡಿ.

ಹೆಜ್ಜೆ 3: ಗೊತ್ತಿರುವುದನ್ನೂ ಅಂದುಕೊಂಡಿರುವುದನ್ನೂ ಬೇರೆ ಮಾಡಿ

ಜಾಸ್ತಿ ಹೊತ್ತು ಕಳೆಯಬೇಕಾದ ಹೆಜ್ಜೆ ಇದು. ಪುಟದ ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ "ಗೊತ್ತು", ಬಲಕ್ಕೆ "ಅಂದುಕೊಂಡಿದ್ದೇನೆ". ವಿಷಯದ ಬಗ್ಗೆ ನೀವು ನಂಬಿರುವ ಪ್ರತಿಯೊಂದನ್ನೂ ಒಂದೊಂದು ಸಾಲಾಗಿ ಬರೆಯಿರಿ. ಎಡಭಾಗಕ್ಕೆ ಹೋಗಲು ಒಂದೇ ನಿಯಮ: ಯಾರಾದರೂ ತೋರಿಸು ಎಂದರೆ ತೋರಿಸಲು ಏನಾದರೂ ಇರಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಇಮೇಲ್, ತಾರೀಖು, ಎಣಿಕೆ, ಏನಾದರೂ ಸರಿ. ಎಡಭಾಗ ಎಷ್ಟು ಖಾಲಿ ಉಳಿಯುತ್ತದೆ ಎನ್ನುವುದು ಮೊದಲ ಸಲ ಮಾಡಿದವರಿಗೆ ಆಶ್ಚರ್ಯ ತರುತ್ತದೆ.

ಪಾಲುದಾರರು "ದೊಡ್ಡ ಕ್ಲೈಂಟ್ ತೊಂದರೆ ಕೊಟ್ಟರೂ ಲಾಭ ಅವನಿಂದಲೇ" ಎಂದು ಎಡಕ್ಕೆ ಬರೆದರು ಎನ್ನಿ. ತೋರಿಸಲು ಏನಿದೆ? 60% ಆದಾಯದ ಲೆಕ್ಕವಿದೆ. ಆದರೆ ಸಮಯದ ಲೆಕ್ಕ ಇಲ್ಲ. ಹಾಗಾಗಿ ಆ ಸಾಲು ಬಲಕ್ಕೆ ಹೋಗಬೇಕು. ಒಂದು ತಿಂಗಳು ಫೋನ್, ಮೀಟಿಂಗ್, ತಿದ್ದುಪಡಿ, ಹಣಕ್ಕಾಗಿ ನೆನಪಿಸುವ ಮೆಸೇಜ್, ಎಲ್ಲದಕ್ಕೂ ಹೋದ ಗಂಟೆ ಬರೆದಿಟ್ಟರು. ಒಟ್ಟು ಸಮಯದ 75% ಅವನಿಗೇ ಹೋಗುತ್ತಿತ್ತು. ಅಂದರೆ ಉಳಿದ 40% ಆದಾಯ ಬರುತ್ತಿದ್ದದ್ದು 25% ಸಮಯದಿಂದ. ಗಂಟೆಗೆ ಲೆಕ್ಕ ಹಾಕಿದರೆ ಸಣ್ಣ ಕ್ಲೈಂಟ್‌ಗಳಿಂದ ಸರಿಯಾಗಿ ಎರಡು ಪಟ್ಟು ಹುಟ್ಟುತ್ತಿದೆ!

ಇಲ್ಲೇ ಕುಣಿದಾಡಬಾರದು. ಸಣ್ಣ ಕ್ಲೈಂಟ್‌ಗಳನ್ನು ಹುಡುಕುವುದಕ್ಕೂ ಸಮಯ ಬೇಕು, ಅದು ಈ ಲೆಕ್ಕದಲ್ಲಿ ಇಲ್ಲ. ಅಂಥ ಕೆಲಸ ಬೇಕಾದಷ್ಟು ಸಿಗುತ್ತದಾ ಎಂದೂ ಗೊತ್ತಿಲ್ಲ. ಅವೆರಡೂ ಬಲಭಾಗಕ್ಕೆ ಸೇರುವ ಹೊಸ ಸಾಲುಗಳು.

ಬಲಭಾಗದ ಸಾಲುಗಳನ್ನು ಪರೀಕ್ಷಿಸುವಾಗ ನಮ್ಮ ತಲೆ ಒಂದು ಆಟ ಆಡುತ್ತದೆ. 1960ರಲ್ಲಿ ಲಂಡನ್‌ನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ ಇದನ್ನು ಮೂರು ಅಂಕಿಗಳಲ್ಲಿ ಹಿಡಿದು ತೋರಿಸಿದರು. ಅವರು ಜನರ ಮುಂದೆ 2, 4, 6 ಎಂಬ ಸಾಲು ಇಟ್ಟರು. ಇದು ನನ್ನ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಹೊಂದುತ್ತದೆ, ನಿಯಮ ಏನು ಎಂದು ಕಂಡುಹಿಡಿಯಿರಿ, ಬೇಕಾದರೆ ನೀವೂ ಮೂರು ಮೂರು ಅಂಕಿ ಕೊಡಿ, ಹೊಂದುತ್ತದಾ ಇಲ್ವಾ ಹೇಳುತ್ತೇನೆ ಎಂದರು. ಜನ 8, 10, 12 ಥರದ ಸಾಲು ಕೊಡುತ್ತಿದ್ದರು. ಹೊಂದುತ್ತದೆ. 20, 22, 24. ಅದೂ ಹೊಂದುತ್ತದೆ. ಸರಿ, ಎರಡೆರಡು ಕೂಡಿಸುತ್ತಾ ಹೋಗುವುದೇ ನಿಯಮ ಎಂದು ಧೈರ್ಯವಾಗಿ ಹೇಳುತ್ತಿದ್ದರು. ತಪ್ಪು. ನಿಯಮ ಇದ್ದದ್ದು ಇಷ್ಟೇ: ಅಂಕಿಗಳು ಏರುತ್ತಾ ಹೋಗಬೇಕು. 1, 7, 50 ಎಂದು ಕೇಳಿದ್ದರೂ ಹೌದು ಅನ್ನುತ್ತಿದ್ದರು, ಅಲ್ಲಿಗೆ ಎರಡೆರಡರ ನಿಯಮ ಬಿದ್ದುಹೋಗುತ್ತಿತ್ತು. ಬಹಳಷ್ಟು ಮಂದಿ ಹಾಗೆ ಕೇಳಲೇ ಇಲ್ಲ. ತಮ್ಮ ಊಹೆ ಸರಿ ಎಂದು ತೋರಿಸುವ ಅಂಕಿಗಳನ್ನೇ ಕೊಡುತ್ತಾ ಹೋದರು.

ನಾವು ದಿನಾ ಮಾಡುವುದೂ ಇದನ್ನೇ. ಕಾರು ತೆಗೆದುಕೊಳ್ಳಲು ಮನಸ್ಸು ಮಾಡಿದ ಮೇಲೆ ಹೊಗಳಿದ ವಿಮರ್ಶೆಗಳನ್ನೇ ಓದುತ್ತೇವೆ. ಹಾಗಾಗಿ ಬಲಭಾಗದ ಪ್ರತಿ ಸಾಲಿನ ಪಕ್ಕದಲ್ಲೂ ಬರೆಯಿರಿ: "ಇದು ಸುಳ್ಳಾಗಿದ್ದರೆ ನನಗೆ ಏನು ಕಾಣಿಸಬೇಕು?" ಆಮೇಲೆ ಅದನ್ನೇ ಹುಡುಕಿಕೊಂಡು ಹೋಗಿ. "ಷರತ್ತು ಹಾಕಿದರೆ ಕ್ಲೈಂಟ್ ಹೋಗುತ್ತಾನೆ" ಎನ್ನುವುದು ಸುಳ್ಳಾಗಿದ್ದರೆ, ಅವನು ಬೇರೆಯವರ ಷರತ್ತುಗಳಿಗೆ ಒಪ್ಪಿರಬೇಕು. ಅವನಿಗೆ ಕೆಲಸ ಮಾಡಿಕೊಡುವ ಇನ್ನಿಬ್ಬರನ್ನು ಕೇಳಿದರೆ ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಬಲೆ, ಕಣ್ಣಿಗೆ ಬೀಳದ ಮಾಹಿತಿ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿನಲ್ಲಿ ಒಡೆದು 7 ಮಂದಿ ತೀರಿಕೊಂಡರು. ಹಿಂದಿನ ರಾತ್ರಿಯೇ ಎಂಜಿನಿಯರುಗಳು ಚಳಿಯಲ್ಲಿ ರಾಕೆಟ್‌ನ ರಬ್ಬರ್ ಉಂಗುರಗಳು ಕೈಕೊಡಬಹುದು ಎಂದು ಎಚ್ಚರಿಸಿದ್ದರು. ಆದರೆ ಚರ್ಚೆಯಲ್ಲಿ ಕಣ್ಣಿಗೆ ಬಿದ್ದದ್ದು ಉಂಗುರಗಳಿಗೆ ಹಾನಿಯಾಗಿದ್ದ ಹಾರಾಟಗಳು ಮಾತ್ರ. ಅವು ಬಿಸಿಲಲ್ಲೂ ಇದ್ದವು, ಚಳಿಯಲ್ಲೂ ಇದ್ದವು, ಹಾಗಾಗಿ ಸಂಬಂಧ ಇದ್ದಂತೆ ಕಾಣಲಿಲ್ಲ. ಹಾನಿಯಾಗದ ಹಾರಾಟಗಳನ್ನೂ ಸೇರಿಸಿ ನೋಡಿದ್ದು ಆಮೇಲೆ ನೇಮಕವಾದ ತನಿಖಾ ಆಯೋಗ. ಸುಮಾರು 19 ಡಿಗ್ರಿ ಸೆಲ್ಸಿಯಸ್ ಮತ್ತು ಅದಕ್ಕಿಂತ ಬೆಚ್ಚಗಿದ್ದ 20 ಹಾರಾಟಗಳಲ್ಲಿ 3ಕ್ಕೆ ಮಾತ್ರ ಹಾನಿ. ಸುಮಾರು 17 ಡಿಗ್ರಿ ಮತ್ತು ಅದಕ್ಕಿಂತ ತಣ್ಣಗಿದ್ದ 4 ಹಾರಾಟಗಳಲ್ಲಿ ನಾಲ್ಕಕ್ಕೂ ಹಾನಿ. ಮಾಹಿತಿ ಮೊದಲಿಂದಲೂ ಅಲ್ಲೇ ಇತ್ತು.

ನಿಮ್ಮ ವಿಷಯದಲ್ಲಿ ಹೀಗೆ ಕೇಳಿ: ಯಾರನ್ನು ನೋಡಿ ನಾನು ಈ ತೀರ್ಮಾನಕ್ಕೆ ಬಂದೆ, ಯಾರನ್ನು ನೋಡಲೇ ಇಲ್ಲ? ದೂರು ಹೇಳಿದ ಗ್ರಾಹಕರು ನೆನಪಿರುತ್ತಾರೆ, ಏನೂ ಹೇಳದೆ ಬಿಟ್ಟುಹೋದವರು ನೆನಪಿರುವುದಿಲ್ಲ. ಕೆಲಸ ಬಿಟ್ಟು ಸ್ವಂತ ವ್ಯವಹಾರದಲ್ಲಿ ಗೆದ್ದವರು ಸಂದರ್ಶನ ಕೊಡುತ್ತಾರೆ. ಸೋತವರು ವಾಪಸ್ ಕೆಲಸಕ್ಕೆ ಸೇರಿಕೊಂಡಿರುತ್ತಾರೆ, ಅವರನ್ನು ಯಾರೂ ಕರೆದು ಕೇಳುವುದಿಲ್ಲ.

ಹೆಜ್ಜೆ 4: ಮೂರನೇ ದಾರಿ ಸಿಗುವವರೆಗೆ ಎದ್ದು ಹೋಗಬೇಡಿ

ಎರಡೇ ದಾರಿ ಕಾಣುತ್ತಿದ್ದರೆ ಇನ್ನೂ ಸರಿಯಾಗಿ ಹುಡುಕಿಲ್ಲ ಎಂದರ್ಥ. ಕಡಿಮೆ ಎಂದರೂ ಮೂರು ಬರೆಯಿರಿ. ಹೊಳೆಯದಿದ್ದರೆ "ಈ ಎರಡೂ ದಾರಿ ಮುಚ್ಚಿಹೋದರೆ ಏನು ಮಾಡುತ್ತಿದ್ದೆ?" ಎಂದು ಕೇಳಿಕೊಳ್ಳಿ. ಪಾಲುದಾರರಿಗೆ ಕ್ಲೈಂಟ್‌ನನ್ನು ಬಿಡುವುದೂ ಇಲ್ಲ, ಹೀಗೇ ಇಟ್ಟುಕೊಳ್ಳುವುದೂ ಇಲ್ಲ ಎಂದಾದರೆ? ಆಗ ಹೊಸ ಷರತ್ತು ಹಾಕಿ ಉಳಿಸಿಕೊಳ್ಳುವುದು ಹೊಳೆಯುತ್ತದೆ. ಅರ್ಧ ಹಣ ಅಡ್ವಾನ್ಸ್, ತಿದ್ದುಪಡಿ ಎರಡು ಸುತ್ತು ಮಾತ್ರ, ಮಿಕ್ಕಿದ್ದಕ್ಕೆ ಗಂಟೆ ಲೆಕ್ಕ. ಅಥವಾ ಹೊಸ ಕೆಲಸ ನಿಲ್ಲಿಸಿ, ಇರುವ ವೆಬ್‌ಸೈಟ್‌ಗಳನ್ನು ನೋಡಿಕೊಳ್ಳುವ ಕೆಲಸ ಮಾತ್ರ ಇಟ್ಟುಕೊಳ್ಳುವುದು.

ಹೊಸ ದಾರಿ ಕಾಣದಿರಲು ದೊಡ್ಡ ಕಾರಣ ನಮ್ಮ ಹಿಂದಿನ ಹೂಡಿಕೆ. ಇಷ್ಟು ವರ್ಷ ಕೊಟ್ಟಿದ್ದೇವೆ, ಈಗ ಹೇಗೆ ಬಿಡುವುದು? 1968ರಲ್ಲಿ ಶುರುವಾದ ಇಂಟೆಲ್ ಮೊದಲು ಹೆಸರು ಮಾಡಿದ್ದು ಕಂಪ್ಯೂಟರ್ ಮೆಮೊರಿ ಚಿಪ್‌ಗಳಿಂದ. 1980ರ ದಶಕದ ಮಧ್ಯದ ಹೊತ್ತಿಗೆ ಜಪಾನಿನ ಕಂಪನಿಗಳು ಆ ಮಾರುಕಟ್ಟೆಯನ್ನು ಕೈಯಿಂದ ಕಿತ್ತುಕೊಂಡಿದ್ದವು. ಆದರೂ ಮೆಮೊರಿ ಬಿಡುವ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. 1985ರಲ್ಲಿ ಕಂಪನಿಯ ಅಧ್ಯಕ್ಷ ಆಂಡಿ ಗ್ರೋವ್, ಮುಖ್ಯಸ್ಥ ಗಾರ್ಡನ್ ಮೂರ್ ಅವರನ್ನು ಒಂದು ಪ್ರಶ್ನೆ ಕೇಳಿದರು: ನಮ್ಮಿಬ್ಬರನ್ನೂ ಹೊರಹಾಕಿ ಹೊಸ ಮುಖ್ಯಸ್ಥನನ್ನು ತಂದರೆ ಅವನು ಏನು ಮಾಡುತ್ತಾನೆ? ಮೆಮೊರಿಯಿಂದ ಹೊರಬರುತ್ತಾನೆ ಎಂದರು ಮೂರ್, ಯೋಚಿಸಬೇಕಾಗಲೇ ಇಲ್ಲ. ಹಾಗಾದರೆ ನಾವೇ ಬಾಗಿಲಾಚೆ ಹೋಗಿ ಒಳಗೆ ಬಂದು ಅದನ್ನೇ ಯಾಕೆ ಮಾಡಬಾರದು ಎಂದರು ಗ್ರೋವ್. ಇಂಟೆಲ್ ಮೆಮೊರಿ ಬಿಟ್ಟು ಪ್ರೊಸೆಸರ್ ಕಡೆ ತಿರುಗಿತು. ಆ ತಿರುವು ಸುಲಭದ್ದಾಗಿರಲಿಲ್ಲ. ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಆದರೆ ಕಂಪನಿ ಉಳಿಯಿತು.

ಈ ಪ್ರಶ್ನೆಗೆ ದುಡ್ಡು ಬೇಡ, ಕನ್ಸಲ್ಟೆಂಟ್ ಬೇಡ. "ನಾಳೆ ಬೆಳಿಗ್ಗೆ ಈ ಕೆಲಸ, ಈ ಒಪ್ಪಂದ, ಈ ಜವಾಬ್ದಾರಿ ಹೊಸದಾಗಿ ನನ್ನ ಮುಂದೆ ಬಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆನಾ?" ಇಲ್ಲ ಎನ್ನುವ ಉತ್ತರ ಬಂದ ಮಾತ್ರಕ್ಕೆ ಎಲ್ಲಾ ಬಿಟ್ಟು ಓಡಬೇಕಾಗಿಲ್ಲ. ಹೊರಬರುವುದಕ್ಕೂ ಖರ್ಚಿರುತ್ತದೆ, ಕೊಟ್ಟ ಮಾತಿಗೂ ಬೆಲೆ ಇರುತ್ತದೆ. ಆದರೆ ಈಗಾಗಲೇ ಸುರಿದದ್ದನ್ನು ಕಾರಣವಾಗಿ ಬರೆಯುವಂತಿಲ್ಲ.

ಹೆಜ್ಜೆ 5: ಬಿಡುವ ಪಟ್ಟಿ ಬರೆಯಿರಿ

ಏನೇನು ಮಾಡುತ್ತೇವೆ ಎಂಬ ಪಟ್ಟಿ ಎಲ್ಲರ ಹತ್ತಿರವೂ ಇರುತ್ತದೆ. ಏನು ಮಾಡುವುದಿಲ್ಲ ಎಂದು ಬರೆದಿರುವವರು ಕಡಿಮೆ. ನನ್ನ ಮಟ್ಟಿಗೆ ಆ ಎರಡನೇ ಪಟ್ಟಿ ಇಲ್ಲದ್ದನ್ನು ತಂತ್ರ ಎಂದು ಕರೆಯಲೇಬಾರದು, ಅದು ಬರೀ ಆಸೆ.

1997ರಲ್ಲಿ ಸ್ಟೀವ್ ಜಾಬ್ಸ್ ಆಪಲ್‌ಗೆ ಮರಳಿದಾಗ ಕಂಪನಿ ಆ ಒಂದು ಹಣಕಾಸು ವರ್ಷದಲ್ಲೇ 100 ಕೋಟಿ ಡಾಲರ್‌ಗೂ ಹೆಚ್ಚು ನಷ್ಟದಲ್ಲಿತ್ತು. ಯಾವ ಮಾದರಿ ಯಾರಿಗೆ ಎಂದು ವಿವರಿಸಲೂ ಕಷ್ಟವಾಗುವಷ್ಟು ಕಂಪ್ಯೂಟರ್‌ಗಳನ್ನು ಮಾರುತ್ತಿತ್ತು. ಜಾಬ್ಸ್ ನಾಲ್ಕು ಮನೆಗಳ ಚೌಕ ಬರೆದರು. ಮೇಲೆ ಸಾಮಾನ್ಯ ಬಳಕೆದಾರ, ವೃತ್ತಿಪರ. ಪಕ್ಕದಲ್ಲಿ ಮೇಜಿನ ಮೇಲಿನದು, ಒಯ್ಯುವಂಥದ್ದು. ಒಂದೊಂದು ಮನೆಗೆ ಒಂದೊಂದು ಒಳ್ಳೆ ಕಂಪ್ಯೂಟರ್, ಉಳಿದದ್ದು ಬೇಡ. ಮುಂದಿನ ವರ್ಷ ಆಪಲ್ ಲಾಭಕ್ಕೆ ಮರಳಿತು. ಅದಕ್ಕೆ ಕಾರಣ ಇದೊಂದೇ ಅಲ್ಲ, ಖರ್ಚು ಕಡಿತವೂ ಇತ್ತು, ಮೈಕ್ರೋಸಾಫ್ಟ್ ಹಾಕಿದ 15 ಕೋಟಿ ಡಾಲರೂ ಇತ್ತು. ಆದರೆ ಒಳ್ಳೆ ಎಂಜಿನಿಯರುಗಳು ಹತ್ತಾರು ಕಡೆ ಹಂಚಿಹೋಗುವುದು ನಿಂತಿತು.

ಬಿಡುವ ಪಟ್ಟಿ ನೋಯಬೇಕು. "ಸಮಯ ಹಾಳು ಮಾಡುವುದಿಲ್ಲ" ಎಂದು ಬರೆದರೆ ಏನನ್ನೂ ಬಿಟ್ಟ ಹಾಗಾಗಲಿಲ್ಲ. ಪಾಲುದಾರರು "ಪ್ರತಿ ಬುಧವಾರ ಒಬ್ಬರು ಹೊಸ ಕ್ಲೈಂಟ್ ಹುಡುಕುತ್ತಾರೆ, ಆ ದಿನ ದೊಡ್ಡ ಕ್ಲೈಂಟ್‌ನ ತುರ್ತು ಕೆಲಸಕ್ಕೂ ಇಲ್ಲ ಎನ್ನುತ್ತೇವೆ" ಎಂದು ಬರೆದರೆ ಅದು ನಿಜವಾದ ಬಿಡುವಿಕೆ. ಅದರಲ್ಲಿ ಕಳೆದುಕೊಳ್ಳುವುದು ಏನು ಎಂಬುದು ಕಾಣುತ್ತಿದೆ.

ಮನೆಯ ವಿಷಯಕ್ಕೆ ಇದರ ಚಿಕ್ಕ ರೂಪ: ಯಾರಾದರೂ ಮುಂದಿನ ತಿಂಗಳಿಗೆ ಏನಾದರೂ ಕೇಳಿದರೆ, "ಇದು ನಾಳೆಯೇ ಇದ್ದಿದ್ದರೆ ಒಪ್ಪುತ್ತಿದ್ದೆನಾ?" ಎಂದು ಕೇಳಿಕೊಳ್ಳಿ. ಮುಂದಿನ ತಿಂಗಳು ಯಾವಾಗಲೂ ಖಾಲಿ ಕಾಣುತ್ತದೆ. ಬಂದಾಗ ಈ ತಿಂಗಳಿನಷ್ಟೇ ತುಂಬಿರುತ್ತದೆ.

ಹೆಜ್ಜೆ 6: ಅಂದಾಜನ್ನು ಹಿಂದಿನ ಲೆಕ್ಕದಿಂದ ಶುರು ಮಾಡಿ

ಸಿಡ್ನಿ ಒಪೆರಾ ಹೌಸ್‌ಗೆ 1957ರಲ್ಲಿ ಹಾಕಿದ ಅಂದಾಜು 70 ಲಕ್ಷ ಆಸ್ಟ್ರೇಲಿಯನ್ ಡಾಲರ್, ಮುಗಿಯಬೇಕಿದ್ದದ್ದು 1963ಕ್ಕೆ. ತೆರೆದದ್ದು 1973ರಲ್ಲಿ, ಖರ್ಚು 10 ಕೋಟಿ 20 ಲಕ್ಷ ಡಾಲರ್. ಇದು ದೊಡ್ಡ ಯೋಜನೆಗಳ ಕಾಯಿಲೆ ಮಾತ್ರ ಅಲ್ಲ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ ಸುಮಾರು 34 ದಿನದಲ್ಲಿ ಮುಗಿಯುತ್ತದೆ ಎಂದಿದ್ದರು. ಎಲ್ಲವೂ ಕೆಟ್ಟದಾಗಿ ನಡೆದರೆ ಎಷ್ಟು ದಿನ ಎಂದು ಕೇಳಿದ್ದಕ್ಕೆ ಸುಮಾರು 49 ಎಂದರು. ನಿಜವಾಗಿ ಹಿಡಿದದ್ದು 55ಕ್ಕೂ ಹೆಚ್ಚು. ಕೆಟ್ಟದ್ದನ್ನು ಊಹಿಸಿಕೊಂಡು ಹೇಳಿದ ಅಂದಾಜನ್ನೂ ವಾಸ್ತವ ದಾಟಿಹೋಯಿತು.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲೇ ಇದರ ಬಗ್ಗೆ ಬರೆದು, ಔಷಧವನ್ನೂ ಹೇಳಿದ್ದರು. ಕೆಲಸವನ್ನು ಒಳಗಿನಿಂದ ನೋಡಿ ಒಂದೊಂದೇ ಹಂತ ಕೂಡಿಸಬೇಡಿ. ಇಂಥದ್ದೇ ಕೆಲಸಗಳು ಹಿಂದೆ ಎಷ್ಟು ಸಮಯ ತೆಗೆದುಕೊಂಡವು ಎನ್ನುವುದರಿಂದ ಶುರು ಮಾಡಿ. ನಿಮ್ಮದೇ ಹಿಂದಿನ ಮೂರು ಕೆಲಸಗಳ ಅಂದಾಜು ಮತ್ತು ನಿಜವಾದ ದಿನಗಳನ್ನು ಅಕ್ಕಪಕ್ಕ ಬರೆಯಿರಿ. ಮೂರಕ್ಕೂ ಒಂದೂವರೆ ಪಟ್ಟು ಹಿಡಿದಿದ್ದರೆ ನಾಲ್ಕನೆಯದಕ್ಕೂ ಹಿಡಿಯುತ್ತದೆ. "ಈ ಸಲ ಹಾಗಾಗಲ್ಲ" ಎಂದು ಅನಿಸುವುದು ಸಹಜ. ಆ ಮೂರು ಸಲವೂ ಹಾಗೇ ಅನಿಸಿತ್ತು, ಅಲ್ವಾ?

ಹೆಜ್ಜೆ 7: ಸೋಲನ್ನು ಮೊದಲೇ ನಡೆಸಿ ನೋಡಿ

ಯೋಜನೆ ಬಹುತೇಕ ಸಿದ್ಧವಾದಾಗ ಅದರಲ್ಲಿ ಏನಾದರೂ ತೊಂದರೆ ಇದೆಯಾ ಎಂದು ಕೇಳಿದರೆ ಎಲ್ಲರೂ ಸುಮ್ಮನಿರುತ್ತಾರೆ. ಉತ್ಸಾಹಕ್ಕೆ ತಣ್ಣೀರು ಎರಚುವವರಾಗಲು ಯಾರಿಗೆ ಇಷ್ಟ? ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಇದಕ್ಕೆ ಒಂದು ಉಪಾಯ ಹೇಳಿಕೊಟ್ಟರು, 2007ರಲ್ಲಿ ಅವರು ಬರೆದ ಲೇಖನದ ನಂತರ ಅದು ಬಹಳ ಕಡೆ ಬಳಕೆಗೆ ಬಂತು. ತೊಂದರೆ ಆಗಬಹುದಾ ಎಂದು ಕೇಳಬೇಡಿ. ಆಗಿಹೋಗಿದೆ ಎಂದು ಹೇಳಿ, ಕಾರಣ ಕೇಳಿ.

"ಒಂದು ವರ್ಷ ಕಳೆದಿದೆ. ನಮ್ಮ ಯೋಜನೆ ಪೂರ್ತಿ ಹಳ್ಳ ಹಿಡಿದಿದೆ. ಯಾಕೆ?" ಪ್ರತಿಯೊಬ್ಬರೂ ಐದು ನಿಮಿಷ ಮಾತಿಲ್ಲದೆ ತಮ್ಮ ತಮ್ಮ ಹಾಳೆಯಲ್ಲಿ ಬರೆಯಬೇಕು. ಆಮೇಲೆ ಒಬ್ಬೊಬ್ಬರೂ ಒಂದೊಂದು ಕಾರಣ ಓದಬೇಕು. ಮೊದಲು ಮಾತಾಡಿಬಿಟ್ಟರೆ ಎಲ್ಲರೂ ಒಂದೇ ಕಾರಣದ ಹಿಂದೆ ಹೋಗುತ್ತಾರೆ, ಅದಕ್ಕೇ ಬರೆಯುವುದು ಮುಖ್ಯ. ಹಿರಿಯರು ಅಥವಾ ಬಾಸ್ ಕೊನೆಗೆ ಓದಲಿ.

ಪಾಲುದಾರರ ಹಾಳೆಗಳಲ್ಲಿ ಬಂದದ್ದು: ಹೊಸ ಷರತ್ತು ಕೇಳಿದ ವಾರದಲ್ಲೇ ಕ್ಲೈಂಟ್ ಹೊರಟುಹೋದ. ಫೋನಿನಲ್ಲಿ ಅವನು ಸ್ವಲ್ಪ ಜೋರು ಮಾಡಿದ್ದಕ್ಕೆ ನಾವೇ ಷರತ್ತು ಸಡಿಲಿಸಿದೆವು. ಬುಧವಾರದ ನಿಯಮ ಮೂರನೇ ವಾರಕ್ಕೇ ಮರೆತುಹೋಯಿತು. ಕೊನೆಯ ಎರಡು ಕಾರಣ ನೋಡಿ, ಅಲ್ಲಿ ಎಡವಿದ್ದು ಕ್ಲೈಂಟ್ ಅಲ್ಲ, ಪಾಲುದಾರರೇ. ಪ್ರತಿ ಕಾರಣಕ್ಕೂ ಒಂದು ಕೆಲಸ ಬರೆಯಿರಿ. ಮಾತುಕತೆಗೆ ಮೊದಲು ನಾಲ್ಕು ತಿಂಗಳ ಖರ್ಚು ಕೂಡಿಡುವುದು. ಷರತ್ತಿನ ಮಾತು ಫೋನಿನಲ್ಲಿ ಬೇಡ, ಬರವಣಿಗೆಯಲ್ಲೇ. ಬುಧವಾರ ಏನಾಯಿತು ಎಂದು ಗುರುವಾರ ಬೆಳಿಗ್ಗೆ ಇನ್ನೊಬ್ಬರು ಕೇಳುವುದು.

ಹೆಜ್ಜೆ 8: ನಿರ್ಧಾರವನ್ನು ಅಂಕಿಯ ಸಮೇತ ದಾಖಲಿಸಿ

"ಆಗಬಹುದು", "ಸಾಧ್ಯತೆ ಇದೆ", "ಬಹುಶಃ" ಇಂಥ ಮಾತುಗಳ ಹಿಂದೆ ಅವಿತುಕೊಳ್ಳುವುದು ಸುಲಭ. 1951ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ಯುಗೊಸ್ಲಾವಿಯಾ ಮೇಲೆ ದಾಳಿಯ "ಗಂಭೀರ ಸಾಧ್ಯತೆ" ಇದೆ ಎಂದು ವರದಿ ಕೊಟ್ಟಿತು. ಅದನ್ನು ಸಿದ್ಧಪಡಿಸಿದ ತಂಡದ ಶೆರ್ಮನ್ ಕೆಂಟ್, ಹಾಗೆಂದರೆ ಎಷ್ಟು ಎಂದು ಆಮೇಲೆ ತಮ್ಮವರನ್ನೇ ಕೇಳಿದರು. ಉತ್ತರ 20%ರಿಂದ 80%ರವರೆಗೆ ಹರಡಿತ್ತು. ಒಂದೇ ವಾಕ್ಯಕ್ಕೆ ಎಲ್ಲರೂ ಒಪ್ಪಿದ್ದರು, ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಅರ್ಥ.

ಅದಕ್ಕೇ ಅಂಕಿ. ನಿಖರವಾಗಿರಬೇಕಾಗಿಲ್ಲ, ಆಮೇಲೆ ಹೋಲಿಸಿ ನೋಡಲು ಬರಬೇಕು ಅಷ್ಟೇ. ಪಾಲುದಾರರ ಪುಟ ಹೀಗಿರಬಹುದು:

ನಿರ್ಧಾರ: ಹೊಸ ಷರತ್ತಿನ ಮೇಲೆ ಕ್ಲೈಂಟ್‌ನನ್ನು ಉಳಿಸಿಕೊಳ್ಳುವುದು. ಬುಧವಾರ ಹೊಸ ಕ್ಲೈಂಟ್‌ಗಳಿಗೆ.
ಕಾರಣ: ಗಂಟೆ ಲೆಕ್ಕದಲ್ಲಿ ಸಣ್ಣ ಕೆಲಸಗಳಿಂದ ಎರಡು ಪಟ್ಟು ಬರುತ್ತಿದೆ. ಆದರೆ ಅವು ಎಷ್ಟು ಸಿಗುತ್ತವೆ ಎಂದು ಇನ್ನೂ ತಿಳಿಯದು.
ನಿರೀಕ್ಷೆ: ಷರತ್ತು ಒಪ್ಪುವ ಸಾಧ್ಯತೆ 65%. ಆರು ತಿಂಗಳಲ್ಲಿ ಇನ್ನೂ ಮೂರು ಕ್ಲೈಂಟ್ ಸಿಗುವ ಸಾಧ್ಯತೆ 50%.
ನಿಲ್ಲಿಸುವ ಗೆರೆ: ಮೂರನೇ ತಿಂಗಳ ನಂತರವೂ ಹಣ 45 ದಿನ ದಾಟಿದರೆ ಅವನ ಹೊಸ ಕೆಲಸ ಒಪ್ಪಿಕೊಳ್ಳುವುದಿಲ್ಲ.
ಮತ್ತೆ ನೋಡುವ ದಿನ: ಆರು ತಿಂಗಳ ನಂತರದ ಒಂದು ತಾರೀಖು.

ನಿಲ್ಲಿಸುವ ಗೆರೆಯನ್ನು ಈಗಲೇ, ತಲೆ ತಣ್ಣಗಿರುವಾಗಲೇ ಎಳೆಯಬೇಕು. ಹಣ ಬಾಕಿ ಇದ್ದು, ಕ್ಲೈಂಟ್ ಮುಂದಿನ ವಾರ ಖಂಡಿತ ಎನ್ನುತ್ತಿರುವಾಗ ಯಾರಿಗೂ ಹೊಸದಾಗಿ ಗೆರೆ ಎಳೆಯಲು ಬರುವುದಿಲ್ಲ.

ಬರೆದ ಮೇಲೆ ಎರಡು ಮೂರು ದಿನ ಬಿಡಿ. ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಅವರಿಗೆ ಬರೆದ ಪತ್ರದಲ್ಲಿ ಪರ ಮತ್ತು ವಿರೋಧದ ಎರಡು ಕಾಲಂ ಮಾಡುವ ಸಲಹೆ ಕೊಟ್ಟಿದ್ದರು. ಕಾಲಂಗಳನ್ನು ಎಲ್ಲರೂ ನೆನಪಿಟ್ಟುಕೊಂಡರು. ಅವುಗಳನ್ನು ಮೂರು ನಾಲ್ಕು ದಿನ ತುಂಬುತ್ತಾ ಹೋಗಿ ಎಂದದ್ದನ್ನು ಮರೆತರು. ಒಂದೇ ಸಲ ಕೂತು ತುಂಬಿದರೆ ಆ ಹೊತ್ತಿನ ಮೂಡ್ ಯಾವ ಕಡೆ ಇದೆಯೋ ಆ ಕಾಲಂ ಉದ್ದವಾಗುತ್ತದೆ.

ಹೆಜ್ಜೆ 9: ಆ ತಾರೀಖು ಬಂದಾಗ

ಪುಟ ತೆಗೆಯಿರಿ. ಏನಾಯಿತು ಎಂದು ಬರೆಯುವ ಮೊದಲು, ಅಂದು ಏನಂದುಕೊಂಡಿದ್ದಿರಿ ಎಂದು ಓದಿ. ಫಲಿತಾಂಶ ಗೊತ್ತಾದ ಮೇಲೆ "ನನಗೆ ಮೊದಲೇ ಗೊತ್ತಿತ್ತು" ಎನ್ನಿಸುವುದನ್ನು ತಡೆಯಲು ಇದಕ್ಕಿಂತ ಒಳ್ಳೆ ಉಪಾಯ ನನಗೆ ಕಂಡಿಲ್ಲ.

ಫಲಿತಾಂಶವನ್ನೂ ನಿರ್ಧಾರವನ್ನೂ ಬೇರೆ ಬೇರೆ ತೂಗಿ. ಕ್ಲೈಂಟ್ ಷರತ್ತು ಒಪ್ಪದೆ ಹೊರಟ ಎನ್ನಿ. 65% ಎಂದು ಬರೆದದ್ದರಲ್ಲೇ 35% ಈ ದಾರಿಗೂ ಇತ್ತು, ಅದಕ್ಕೆಂದೇ ನಾಲ್ಕು ತಿಂಗಳ ಖರ್ಚು ಕೂಡಿಟ್ಟಿದ್ದರು. ನಿರ್ಧಾರದಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಬುಧವಾರದ ನಿಯಮ ಮುರಿದುಬಿದ್ದು, ಅದೃಷ್ಟಕ್ಕೆ ಮೂವರು ಕ್ಲೈಂಟ್‌ಗಳು ತಾವಾಗಿಯೇ ಬಂದಿದ್ದರೆ ಮಾತ್ರ ಹೊಗಳಿಕೊಳ್ಳುವ ಮುಂಚೆ ಯೋಚಿಸಬೇಕು. ಕೆಲವು ನಿರ್ಧಾರಗಳ ಪುಟ ಸೇರಿದ ಮೇಲೆ ನೀವು 70% ಎಂದು ಬರೆದ ನಿರೀಕ್ಷೆಗಳನ್ನೆಲ್ಲ ಒಟ್ಟಿಗೆ ನೋಡಿ. ಹತ್ತರಲ್ಲಿ ಏಳರ ಹತ್ತಿರ ನಿಜವಾಗಿದ್ದರೆ ನಿಮ್ಮ ಅಂದಾಜು ಚೆನ್ನಾಗಿದೆ. ಹತ್ತರಲ್ಲಿ ನಾಲ್ಕೇ ಆಗಿದ್ದರೆ ನೀವು 70% ಎಂದಾಗೆಲ್ಲ ಮನಸ್ಸಿನಲ್ಲಿ 40% ಎಂದು ಓದಿಕೊಳ್ಳಬೇಕು, ಅಷ್ಟೇ.

ಎಲ್ಲಿ ಇದನ್ನು ಬಳಸಬಾರದು

ಕಾಲು ಜಾರಿದಾಗ, ಬೆಂಕಿ ಹತ್ತಿದಾಗ ನೋಟ್‌ಬುಕ್ ತೆಗೆಯಬೇಡಿ. ನೂರಾರು ಸಲ ಮಾಡಿ, ಪ್ರತಿ ಸಲವೂ ಸರಿಯೋ ತಪ್ಪೋ ಕೂಡಲೇ ತಿಳಿದು, ಕೈಗೆ ಅಭ್ಯಾಸವಾದ ಕೆಲಸದಲ್ಲೂ ಬೇಡ. ಅನುಭವಿ ಅಗ್ನಿಶಾಮಕ ಅಧಿಕಾರಿಗೆ ಅನಿಸುವುದನ್ನು ಹಗುರವಾಗಿ ನೋಡುವಂತಿಲ್ಲ, ಅದು ಹಿಂದಿನ ನೂರು ಬೆಂಕಿಗಳಿಂದ ಬಂದದ್ದು. ಷೇರು ಮಾರುಕಟ್ಟೆ ಮುಂದಿನ ವರ್ಷ ಎಲ್ಲಿಗೆ ಹೋಗುತ್ತದೆ ಎಂದು ಬಲವಾಗಿ ಅನಿಸುವುದಕ್ಕೆ ಅಂಥ ಆಧಾರ ಇರುವುದಿಲ್ಲ.

ಹಸಿವು, ನಿದ್ದೆಗೇಡು, ಸಿಟ್ಟು, ಇವು ಇರುವಾಗಲೂ ಪುಟ ತೆರೆಯಬೇಡಿ. ಮೊದಲು ಊಟ, ನಿದ್ದೆ.

ಮೊದಲ ಸಲ ಮಾಡುವವರು ಅತಿ ದೊಡ್ಡ ಪ್ರಶ್ನೆಯಿಂದ ಶುರು ಮಾಡದಿರುವುದು ಒಳ್ಳೆಯದು. ಮದುವೆ, ಊರು ಬಿಡುವುದು, ಜೀವಮಾನದ ಸಾಲ ಆಮೇಲೆ ಇರಲಿ. ಕೆಲವು ವಾರದಲ್ಲಿ ಫಲಿತಾಂಶ ಗೊತ್ತಾಗುವ ಮಧ್ಯಮ ಗಾತ್ರದ ವಿಷಯ ಹಿಡಿಯಿರಿ. ತಂಡಕ್ಕೆ ಒಬ್ಬರನ್ನು ಸೇರಿಸಿಕೊಳ್ಳುವುದು, ಒಂದು ಕೋರ್ಸ್‌ಗೆ ಹಣ ಕಟ್ಟುವುದು, ನಿಂತುಹೋದ ಕೆಲಸವನ್ನು ಮುಂದುವರಿಸುವುದು, ಇಂಥವು ಸಾಕು. ಎಲ್ಲಾ ಒಂಬತ್ತು ಹೆಜ್ಜೆಯೂ ಜಾಸ್ತಿ ಅನಿಸಿದರೆ ಮೂರನೆಯದನ್ನೂ ಎಂಟನೆಯದನ್ನೂ ಮಾಡಿ, ಉಳಿದದ್ದನ್ನು ಬಿಡಿ.